ಪೈ ಬಿಟ್ರೆ ಬೇರೆ ಯಾವ ಬೋರ್ಡ್ ಸರ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬರೀ ಬೋರ್ಡ್, ಅಂದ್ರೆ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬಗ್ಗೆನೇ ಇದಾವೆ. 2025ರ ಕೊನೆಗೆ ಮೆಮೊರಿ ಚಿಪ್ ದುಬಾರಿ ಆಗಿ ರಾಸ್ಪ್‌ಬೆರಿ ಪೈನೋರು ರೇಟ್ ಏರಿಸಿದ್ಮೇಲೆ ಎಲ್ರೂ ಆರೆಂಜ್ ಪೈ, ಬನಾನಾ ಪೈ ಅಂತ ಬೇರೆ ಕಂಪನಿಗಳ ಹಣ್ಣಿನ ಕಡೆ ಕಣ್ಣು ಹಾಕಿದೀರಿ ಅನ್ಸತ್ತೆ. ಮೊಬೈಲು, ಲ್ಯಾಪ್‌ಟಾಪ್ ಬಗ್ಗೆ ಕೇಳಿದೋರು ಬೇಜಾರ್ ಮಾಡ್ಕೋಬೇಡಿ, ನಿಮ್ದೆಲ್ಲ ಮುಂದಿನ ಸಂಚಿಕೆಗೆ.

ಪ್ರಶ್ನೆ: ನಮಸ್ಕಾರ ಸರ್. ಪೈ 5 ತಗೊಳ್ಳೋಣ ಅಂತಿದ್ದೆ, ರೇಟ್ ನೋಡಿ ಸುಮ್ನಾದೆ. ಆರೆಂಜ್ ಪೈ 5ರಲ್ಲಿ ಎಂಟು ಕೋರ್, ಎನ್‌ಪಿಯು ಎಲ್ಲಾ ಇದೆ, ಅದೇ ತಗೋ ಅಂತ ಫ್ರೆಂಡ್ಸ್ ಹೇಳ್ತಿದಾರೆ. ಮನೆ ಗೇಟ್ ಹತ್ರ ಕ್ಯಾಮೆರಾ ಹಾಕಿ ಯಾರಾದ್ರೂ ಬಂದ್ರೆ ಫೋನಿಗೆ ಮೆಸೇಜ್ ಬರೋ ಹಾಗೆ ಮಾಡ್ಬೇಕು, ಜೊತೆಗೆ ಲಿನಕ್ಸ್ ಕಲೀಬೇಕು. ಯಾವ್ದು ತಗೊಳ್ಲಿ? (ಇಂಜಿನಿಯರಿಂಗ್ ಐದನೇ ಸೆಮ್, ದಾವಣಗೆರೆ)

ಉತ್ತರ: ಫ್ರೆಂಡ್ಸ್ ಹೇಳಿದ್ರಲ್ಲಿ ಸುಳ್ಳೇನಿಲ್ಲ. ಆರೆಂಜ್ ಪೈ 5ರಲ್ಲಿರೋದು ರಾಕ್‌ಚಿಪ್ ಕಂಪನಿಯ ಆರ್‌ಕೆ3588ಎಸ್ ಚಿಪ್, ಅದ್ರಲ್ಲಿ ನಾಲ್ಕು ಕಾರ್ಟೆಕ್ಸ್ ಎ76 ಕೋರು, ಇನ್ನು ನಾಲ್ಕು ಚಿಕ್ಕ ಎ55 ಕೋರು, ಮೇಲೆ 6 ಟಾಪ್ಸ್ (ಎಐ ವೇಗದ ಅಳತೆ) ಎನ್‌ಪಿಯು, ಅಂದ್ರೆ ಎಐ ಲೆಕ್ಕಕ್ಕಂತಲೇ ಇರೋ ಭಾಗ. ಪೈ 5ರಲ್ಲಿ ಬರೀ ನಾಲ್ಕು ಎ76, ಎನ್‌ಪಿಯು ಇಲ್ವೇ ಇಲ್ಲ, ಬೇಕಂದ್ರೆ ಎಐ ಹ್ಯಾಟ್ ಅನ್ನೋ ಮೇಲೆ ಕೂರಿಸೋ ಬೋರ್ಡಿಗೆ ಬೇರೆ ದುಡ್ಡು ಕೊಟ್ಟು ಹಾಕ್ಕೋಬೇಕು. ಕಾಗದದ ಮೇಲೆ ಆರೆಂಜೇ ಗೆಲ್ಲತ್ತೆ.

ಆದ್ರೆ ಆ ಕಾಗದದಲ್ಲಿ ಬರೆಯದೇ ಇರೋ ಒಂದು ವಿಷಯ ಇದೆ, ಆ ಬೋರ್ಡಿಗೆ ಇನ್ನು ಮೂರು ವರ್ಷ ಆದ್ಮೇಲೆ ಓಎಸ್ ಯಾರು ಕೊಡ್ತಾರೆ ಅನ್ನೋದು. ನಮ್ಮ ಮಾಮೂಲಿ ಪಿಸಿ ಆದ್ರೆ ಯಾವ ಲಿನಕ್ಸ್ ಪೆನ್‌ಡ್ರೈವ್ ಚುಚ್ಚಿದ್ರೂ ಬೂಟ್ ಆಗತ್ತೆ, ಯಾಕಂದ್ರೆ ಒಳಗೆ ಏನೇನಿದೆ ಅಂತ ಬಯೋಸ್ ಹೇಳತ್ತೆ. ಈ ಆರ್ಮ್ ಬೋರ್ಡುಗಳಲ್ಲಿ ಹಾಗಿಲ್ಲ, ಯಾವ ಪಿನ್ನು ಎಲ್ಲಿದೆ, ಯಾವ ಚಿಪ್ ಯಾವ ಲೈನಲ್ಲಿ ಕೂತಿದೆ ಅಂತ ಡಿವೈಸ್ ಟ್ರೀ ಅನ್ನೋ ಫೈಲಲ್ಲಿ ಮೊದಲೇ ಬರೆದು ಕೊಡ್ಬೇಕು, ಹಾಗಾಗಿ ಒಂದೊಂದು ಬೋರ್ಡಿಗೂ ಬೇರೆ ಬೇರೆ ಇಮೇಜ್, ಅಂದ್ರೆ ಕಾರ್ಡಿಗೆ ಹಾಕೋ ಓಎಸ್ ಫೈಲ್. ಚಿಪ್ ಮಾಡೋ ಕಂಪನಿ ಯಾವ್ದೋ ಒಂದು ಹಳೇ ಕರ್ನಲ್ (ಲಿನಕ್ಸಿನ ತಿರುಳು) ತಗೊಂಡು ತೇಪೆ ಹಾಕಿ ಕೊಡತ್ತೆ, ಬೋರ್ಡ್ ಮಾಡೋರು ಅದರ ಮೇಲೆ ಒಂದು ಉಬುಂಟು ಕೂರಿಸಿ ಗೂಗಲ್ ಡ್ರೈವ್ ಲಿಂಕಲ್ಲಿ ಹಾಕ್ತಾರೆ, ಅಷ್ಟೊತ್ತಿಗೆ ಅವರ ಮುಂದಿನ ಬೋರ್ಡ್ ರೆಡಿ ಆಗಿರತ್ತೆ, ಹಳೇದ್ರ ಕಡೆ ತಿರುಗಿ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ. ಈ ಬೋರ್ಡ್ ಬಂದಿದ್ದು 2022ರ ಕೊನೆಗೆ, ಅದರ ಮಾಲಿ ಗ್ರಾಫಿಕ್ಸಿಗೆ ಓಪನ್ ಡ್ರೈವರ್ ಅಸಲಿ ಲಿನಕ್ಸ್ ಕರ್ನಲಿಗೆ ಸೇರಿದ್ದು 2024ರಲ್ಲಿ, 6.10ನೇ ವರ್ಷನ್‌ಗೆ. ಅದನ್ನೂ ಹೊರಗಿನ ಡೆವಲಪರ್‌ಗಳು ಕೂತು ಬರೆದಿದ್ದು. ಇನ್ನೊಂದು ಕಡೆ 2012ರಲ್ಲಿ 35 ಡಾಲರಿಗೆ ಬಂದ ಮೊಟ್ಟಮೊದಲ ಪೈ ಮೇಲೆ ಇವತ್ತಿನ 32 ಬಿಟ್ ಪೈ ಓಎಸ್ ಹಾಕಿದ್ರೂ ನಡೆಯತ್ತೆ. ನಿಧಾನ, ಆದ್ರೆ ನಡೆಯತ್ತೆ. ಪೈಗೆ ನಾವು ಕೊಡೋ ಹೆಚ್ಚಿನ ದುಡ್ಡು ಅದಕ್ಕೆ ಅಂತ ತಿಳ್ಕೊಳಿ.

ಈಗ ನಿಮ್ಮ ಕ್ಯಾಮೆರಾ ವಿಷಯ. ರಿಬ್ಬನ್ ಕೇಬಲ್ಲಿನ ಪೈ ಕ್ಯಾಮೆರಾ ಹಾಕೋ ಪ್ಲಾನ್ ಇದ್ರೆ ಪೈ ಬಿಟ್ಟು ಬೇರೆ ಕಡೆ ಹೋಗ್ಲೇಬೇಡಿ, ಬೇರೆ ಬೋರ್ಡುಗಳಲ್ಲೂ ಅದೇ ಥರ ಕನೆಕ್ಟರ್ ಇರತ್ತೆ, ಆದ್ರೆ ನಿಮ್ಮ ಸೆನ್ಸರಿಗೆ ಡ್ರೈವರ್ ಇದ್ರೆ ಇತ್ತು ಇಲ್ದಿದ್ರೆ ಇಲ್ಲ. ಯುಎಸ್‌ಬಿ ವೆಬ್‌ಕ್ಯಾಮ್ ಅಥವಾ ವೈಫೈ ಐಪಿ ಕ್ಯಾಮೆರಾ ಆದ್ರೆ ಯಾವ ಬೋರ್ಡ್ ಆದ್ರೂ ಸರಿ. ಫ್ರಿಗೇಟ್ ಅಂತ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ, ಬಂದಿದ್ದು ಮನುಷ್ಯನೋ ನಾಯಿನೋ ಅಂತ ಅದೇ ಗುರುತಿಸತ್ತೆ, ರಾಕ್‌ಚಿಪ್ ಎನ್‌ಪಿಯುಗೂ ಸಪೋರ್ಟ್ ಇದೆ, ಅಲ್ಲಿ ಆರೆಂಜ್ ಪೈ 5 ನಿಜವಾಗ್ಲೂ ಒಳ್ಳೆ ಆಯ್ಕೆ. ಒಂದು ನೋಡ್ಕೊಳಿ, ಮೊದಲ ಆರೆಂಜ್ ಪೈ 5ರಲ್ಲಿ ವೈಫೈ ಇಲ್ಲ, 5ಬಿ ಅನ್ನೋದ್ರಲ್ಲಿ ಇದೆ. ಆರ್ಡರ್ ಮಾಡೋವಾಗ ಕಣ್ತಪ್ಪಿ ಹೋಗೋದು ಇಂಥಾದ್ದೇ.

ಲಿನಕ್ಸ್ ಕಲಿಯೋದು ಮುಖ್ಯ, ಕ್ಯಾಮೆರಾ ಆಮೇಲೆ ಅನ್ನೋದಾದ್ರೆ ನನ್ನ ಮಾತು ಕೇಳಿ 2 ಜಿಬಿ ಅಥವಾ 4 ಜಿಬಿ ಪೈ 4 ತಗೊಳಿ. 2019ರ ಬೋರ್ಡ್ ಅಂತ ಮೂಗು ಮುರೀಬೇಡಿ. ನೆಟ್ಟಲ್ಲಿರೋ ಪಾಠಗಳೆಲ್ಲ ಅದ್ರಲ್ಲಿ ಹಾಗ್ಹಾಗೇ ನಡೆಯತ್ತೆ, ಪೈ 5ರಲ್ಲಿ ಕೂಡ ಅಷ್ಟು ಸಲೀಸಿಲ್ಲ, ಯಾಕಂದ್ರೆ ಅದ್ರಲ್ಲಿ ಎಲ್‌ಇಡಿ, ಸೆನ್ಸರ್ ಹಚ್ಚೋ ಪಿನ್ನುಗಳನ್ನೆಲ್ಲ ಆರ್‌ಪಿ1 ಅನ್ನೋ ಬೇರೆ ಚಿಪ್ಪಿಗೆ ಒಪ್ಪಿಸಿಬಿಟ್ಟಿದಾರೆ, ಹಳೇ ಪೈಥಾನ್ ಪಾಠಗಳಲ್ಲಿ ಬರೋ ಆರ್‌ಪಿಐ ಡಾಟ್ ಜಿಪಿಐಒ ಲೈಬ್ರರಿ ಅಲ್ಲಿ ಓಡಲ್ಲ, ಜಿಪಿಐಒ ಜೀರೋ ಅನ್ನೋ ಲೈಬ್ರರಿ ಬಳಸ್ಬೇಕು. ಮತ್ತೆ ಪೈ 5ಕ್ಕೆ 5 ವೋಲ್ಟ್ 5 ಆಂಪ್ ಅಡಾಪ್ಟರ್ ಬೇಕು. 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರ್ ಇದೆಯಲ್ಲ ಸಾಕು ಅನ್ಕೊಂಡ್ರೆ ಆಗಲ್ಲ, ಅದ್ರಲ್ಲಿ ಹೆಚ್ಚಿನವು 5 ವೋಲ್ಟಲ್ಲಿ ಕೊಡೋದು 3 ಆಂಪೇ, ಆಗ ಪೈ 5 ತನ್ನ ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ 600 ಮಿಲಿಆಂಪ್ ಅಷ್ಟೇ ಬಿಡತ್ತೆ, ಹಾರ್ಡ್ ಡಿಸ್ಕ್ ಚುಚ್ಚಿದ್ರೆ ಕಟಕಟ ಅಂತ ಸದ್ದು ಮಾಡ್ತಾ ಕೂರತ್ತೆ.

ಯಾವ ಬೋರ್ಡ್ ತಗೊಳೋ ಮುಂಚೆನೂ ಅದರ ಡೌನ್‌ಲೋಡ್ ಪೇಜ್ ತೆಗೆದು ಕೊನೇ ಇಮೇಜ್ ಯಾವಾಗ ಹಾಕಿದಾರೆ, ಕರ್ನಲ್ ಎಷ್ಟನೇದು ಅಂತ ನೋಡಿ. ಆಮೇಲೆ ಆರ್ಮ್‌ಬಿಯನ್ ಸೈಟಿಗೆ ಹೋಗಿ ಅದೇ ಬೋರ್ಡ್ ಹುಡುಕಿ. ಅದು ನೂರಾರು ಬೋರ್ಡುಗಳಿಗೆ ಡೆಬಿಯನ್, ಉಬುಂಟು ಅನ್ನೋ ಲಿನಕ್ಸ್‌ಗಳ ಇಮೇಜ್ ಮಾಡಿ ಕೊಡೋ ಪ್ರಾಜೆಕ್ಟು, ಯಾವ ಬೋರ್ಡನ್ನ ತಾವೇ ನೋಡ್ಕೊಳ್ತಾರೆ, ಯಾವ್ದನ್ನ ಕಮ್ಯುನಿಟಿ ಪಾಲಿಗೆ ಬಿಟ್ಟಿದಾರೆ ಅಂತ ಅಲ್ಲೇ ಬರೆದಿರತ್ತೆ. ಎರಡೂ ಕಡೆ ಏನೂ ಸಿಗ್ಲಿಲ್ವಾ, ಬೋರ್ಡ್ ಎಷ್ಟೇ ಚೀಪ್ ಇರ್ಲಿ, ಬೇಡ.

ಪ್ರಶ್ನೆ: ಸರ್, ನಮ್ಮ ಗಲ್ಲಿ ಗಣಪತಿ ಪೆಂಡಾಲಿಗೆ ಈ ಸಲ ಕಲರ್ ಬದಲಾಯ್ಸೋ ಎಲ್‌ಇಡಿ ಸ್ಟ್ರಿಪ್ ಹಾಕ್ಬೇಕು ಅಂತ ಇದೀವಿ, ಐದು ಮೀಟರ್, 300 ಎಲ್‌ಇಡಿ. ಬನಾನಾ ಪೈ ಸಾಕಾ ಅಥವಾ ಪೈನೇ ಬೇಕಾ? (ಗೆಳೆಯರ ಬಳಗ, ಮಂಡ್ಯ)

ಉತ್ತರ: ಎರಡೂ ಬೇಡ, ಒಂದು ಇಎಸ್‌ಪಿ32 (ವೈಫೈ ಇರೋ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್) ತಗೊಂಡು ಅದಕ್ಕೆ ಡಬ್ಲ್ಯುಎಲ್‌ಇಡಿ ಅನ್ನೋ ಫ್ರೀ ಫರ್ಮ್‌ವೇರ್ ಹಾಕಿ. ಫೋನಿಂದ ಕಲರ್ರು, ಓಡೋ ಲೈಟು, ಮಿಣಮಿಣ ಎಲ್ಲಾ ಬರತ್ತೆ, ಒಂದು ಲೈನ್ ಕೋಡ್ ಬರೆಯೋ ಹಂಗಿಲ್ಲ. ಈ ಡಬ್ಲ್ಯುಎಸ್2812 ಸ್ಟ್ರಿಪ್ಪುಗಳಿಗೆ ಒಂದೊಂದು ಬಿಟ್ಟನ್ನೂ ಸುಮಾರು 1.25 ಮೈಕ್ರೋಸೆಕೆಂಡಲ್ಲಿ ಕಳಿಸ್ಬೇಕು, ಲಿನಕ್ಸ್ ಓಡೋ ಬೋರ್ಡ್ ಮಧ್ಯದಲ್ಲಿ ಬೇರೆ ಕೆಲಸಕ್ಕೆ ತಿರುಗಿದ್ರೆ ಬಣ್ಣ ತಪ್ಪತ್ತೆ. ಪುಟ್ಟ ಮೈಕ್ರೋಕಂಟ್ರೋಲರಿಗೆ ಬೇರೆ ಕೆಲಸನೇ ಇಲ್ಲ, ಸರಿಯಾಗಿ ಮಾಡತ್ತೆ.

ನಿಮ್ಮ ನಿಜವಾದ ತಲೆನೋವು ಕರೆಂಟು. ಒಂದು ಎಲ್‌ಇಡಿ ಪೂರ್ತಿ ಬಿಳಿ ಉರಿದ್ರೆ ಸುಮಾರು 60 ಮಿಲಿಆಂಪ್, 300ಕ್ಕೆ 18 ಆಂಪ್ ಆಯ್ತು. ಅದನ್ನ ಇಎಸ್‌ಪಿ ಬೋರ್ಡಿನ ಪಿನ್ನಿಂದ ತೆಗೆಯೋಕೆ ಹೋದ್ರೆ ಹೊಗೆ ಬರತ್ತೆ. 5 ವೋಲ್ಟ್ 20 ಆಂಪಿನ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ತಗೊಂಡು ಸ್ಟ್ರಿಪ್ಪಿನ ಎರಡೂ ತುದಿಗೂ ದಪ್ಪ ವೈರಲ್ಲಿ ಪವರ್ ಕೊಡಿ, ಒಂದೇ ತುದಿಗೆ ಕೊಟ್ರೆ ಕೊನೇಲಿರೋ ಬಿಳಿ ಲೈಟೆಲ್ಲ ಕೆಂಪುಕೆಂಪಾಗಿ ಕಾಣತ್ತೆ. ಎಸ್‌ಎಂಪಿಎಸ್ಸಿನ ಗ್ರೌಂಡು, ಇಎಸ್‌ಪಿ ಗ್ರೌಂಡು ಜೋಡಿಸೋದು ಮರೀಬೇಡಿ. ಇಎಸ್‌ಪಿ ಕೊಡೋ ಸಿಗ್ನಲ್ 3.3 ವೋಲ್ಟು, ಸ್ಟ್ರಿಪ್ ಕೇಳೋದು 5, ಮಧ್ಯ ಒಂದು 74ಎಎಚ್‌ಸಿಟಿ125 ಐಸಿ ಹಾಕಿದ್ರೆ ಮಿಟುಕೋದು ನಿಲ್ಲತ್ತೆ. ಬೆಂಗಳೂರಿಗೆ ಬರೋರಿದ್ರೆ ಎಸ್‌ಪಿ ರೋಡಲ್ಲಿ ಇದೆಲ್ಲ ಒಂದೇ ಓಣೀಲಿ ಸಿಗತ್ತೆ. ಮಳೆಗಾಲದ ಹಬ್ಬ, ಪೆಂಡಾಲ್ ಸೋರತ್ತೆ, ಎಸ್‌ಎಂಪಿಎಸ್ ಮಾತ್ರ ಎತ್ತರದಲ್ಲಿ ಡಬ್ಬಿ ಒಳಗಿಡಿ.

ಪ್ರಶ್ನೆ: ನಮ್ದು ಹೊಸದುರ್ಗ ಕಡೆ ಅಡಿಕೆ ತೋಟ. ತ್ರೀ ಫೇಸ್ ಕರೆಂಟ್ ಯಾವಾಗ ಬರತ್ತೋ ಯಾವಾಗ ಹೋಗತ್ತೋ. ಫೋನಿಂದ ಮೋಟ್ರು ಆನ್ ಆಫ್ ಮಾಡ್ಬೇಕು, ಮಣ್ಣಲ್ಲಿ ತೇವ ಇದ್ಯಾ ಅಂತ್ಲೂ ಗೊತ್ತಾಗ್ಬೇಕು. ಮಗ ರಾಸ್ಪ್‌ಬೆರಿ ಪೈ ಕೊಡ್ಸು ಅಂತ ಹಠ ಮಾಡ್ತಾನೆ. ತೋಟದಲ್ಲಿ ವೈಫೈ ಇಲ್ಲ. ಪೈ ಆಗತ್ತಾ, ಬೇರೆ ಬೋರ್ಡಾ? (ಒಬ್ಬ ರೈತ)

ಉತ್ತರ: ಯಜಮಾನ್ರೇ, ಪಂಪ್‌ಹೌಸಿಗೆ ಪೈನೂ ಬೇಡ, ಅದರ ತಮ್ಮ ತಂಗಿಯರೂ ಬೇಡ. ಅವೆಲ್ಲ ಚಿಕ್ಕ ಕಂಪ್ಯೂಟರುಗಳು, ಎಸ್‌ಡಿ ಕಾರ್ಡಿಂದ ಬೂಟ್ ಆಗ್ಬೇಕು, ಕಾರ್ಡಿಗೆ ಬರೀತಾ ಇರೋವಾಗ ಕರೆಂಟ್ ಹೋದ್ರೆ ಕಾರ್ಡೇ ಕೆಟ್ಟು ಕೂರತ್ತೆ. ನಿಮ್ಮಲ್ಲಿ ದಿನಕ್ಕೆಷ್ಟು ಸಲ ಹೋಗತ್ತೆ ಅಂತ ನೀವೇ ಹೇಳಿದೀರಿ. ಇಎಸ್‌ಪಿ32 ಆದ್ರೆ ಲಿನಕ್ಸ್ ಥರದ ದೊಡ್ಡ ಓಎಸ್ ಇಲ್ಲ, ಕರೆಂಟ್ ಬಂದ ಕೂಡ್ಲೆ ತನ್ನ ಕೆಲಸ ಶುರು ಮಾಡತ್ತೆ.

ಮೋಟ್ರಿನ ವಿಷಯದಲ್ಲಿ ನೇರವಾಗಿ ಹೇಳ್ತೀನಿ, ಸಿಮ್ ಹಾಕೋ ರೆಡಿಮೇಡ್ ಮೊಬೈಲ್ ಸ್ಟಾರ್ಟರ್ ಪಂಪ್‌ಸೆಟ್ ಅಂಗಡೀಲಿ ಸಿಗತ್ತೆ, ಒಂದು ಫೇಸ್ ಹೋದ್ರೆ ಆಫ್ ಮಾಡೋದು, ಬೋರಲ್ಲಿ ನೀರಿಲ್ದೆ ಡ್ರೈ ರನ್ ಆದ್ರೆ ನಿಲ್ಲಿಸೋದು ಇರೋದನ್ನೇ ಕೇಳಿ ತಗೊಳಿ. ಮೋಟ್ರು ಸುಟ್ರೆ ರಿವೈಂಡಿಂಗ್ ಖರ್ಚಲ್ಲಿ ಅಂಥದ್ದು ಎಷ್ಟೋ ಬರತ್ತೆ. ಮಗನೇ ಮಾಡ್ತೀನಿ ಅಂದ್ರೆ ಒಂದು ಷರತ್ತು ಹಾಕಿ: ಆ ನೀಲಿ ಬಣ್ಣದ ಪುಟ್ಟ ರಿಲೇ ಮೇಲೆ 10 ಆಂಪ್ 250 ವೋಲ್ಟ್ ಅಂತ ಬರೆದಿರತ್ತೆ, ಅದನ್ನ ನಂಬಿ ಮೋಟ್ರಿನ ಲೈನನ್ನ ಅದರೊಳಗೆ ಹಾಯಿಸೋ ಹಾಗಿಲ್ಲ. ಸ್ಟಾರ್ಟರ್ರಲ್ಲಿ ಹಸಿರು ಬಟನ್ನು, ಕೆಂಪು ಬಟನ್ನು ಇರತ್ತಲ್ಲ, ಅವು ಮಾಡೋ ಕೆಲಸನ ಮಾತ್ರ ರಿಲೇ ಮಾಡ್ಬೇಕು, ಆನ್ ರಿಲೇ ಹಸಿರು ಬಟನ್ನಿಗೆ ಪ್ಯಾರಲಲ್, ಆಫ್ ರಿಲೇ ಕೆಂಪು ಬಟನ್ನಿಗೆ ಸೀರೀಸ್. ಕೆಲವು ಸ್ಟಾರ್ಟರುಗಳಲ್ಲಿ ಆ ಬಟನ್ನುಗಳು ನಡೆಸೋ ಕಾಯಿಲ್ಲಿಗೇ 415 ವೋಲ್ಟ್ ಇರತ್ತೆ, 250ರ ರಿಲೇ ಅಲ್ಲಿ ಸಲ್ಲ. ಇದನ್ನ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ, ಫ್ಯೂಸ್ ಕಿತ್ತು ಜೇಬಲ್ಲಿಟ್ಕೊಂಡು ಮಾಡ್ಲಿ.

ಸಿಮ್ಮಿಗೆ ಎಲ್ರೂ ತಗೊಳೋದು ಸಿಮ್800ಎಲ್ ಅನ್ನೋ ಚೀಪ್ ಮಾಡ್ಯೂಲ್, ಅದು 2ಜಿ. ಜಿಯೋಗೆ 2ಜಿನೇ ಇಲ್ಲ, ಆ ಸಿಮ್ ಹಾಕಿ ಸಿಗ್ನಲ್ ಬರ್ಲಿಲ್ಲ ಅಂತ ಬರೆಯೋರು ಎಷ್ಟು ಜನ! ಮತ್ತೆ ಅದು ಟವರ್ ಹುಡುಕೋವಾಗ ಒಂದು ಗಳಿಗೆ 2 ಆಂಪ್ ತನಕ ಎಳೆಯತ್ತೆ, ಇಎಸ್‌ಪಿ ಪಿನ್ನಿಂದ ಪವರ್ ಕೊಟ್ರೆ ರೀಸೆಟ್ ಆಗ್ತಾನೇ ಇರತ್ತೆ, ಬೇರೆ 4 ವೋಲ್ಟ್ ಸಪ್ಲೈ ಕೊಟ್ಟು ಪಕ್ಕದಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕ್ಬೇಕು. ಹೊಸದಾಗಿ ತಗೊಳೋದಾದ್ರೆ 4ಜಿ ಮಾಡ್ಯೂಲೇ ತಗೊಳಿ.

ಮಣ್ಣಿನ ತೇವ ನೋಡೋದು ಮಗನಿಗೆ ಒಳ್ಳೆ ಕೆಲಸ, ಅದನ್ನ ಅವನಿಗೇ ಬಿಡಿ. ಎರಡು ಕಾಲಿನ ಫೋರ್ಕ್ ಥರದ ಸೆನ್ಸರ್ ತರಬೇಡಿ, ಸ್ವಲ್ಪ ದಿನಕ್ಕೇ ಕಾಲಿನ ತಾಮ್ರ ಹಸಿರುಗಟ್ಟಿ ಕರಗಿ ಹೋಗತ್ತೆ. ಕೆಪಾಸಿಟಿವ್ ಅಂತ ಕೇಳಿ, ಚಪ್ಪಟೆ ಪಟ್ಟಿ ಥರ ಇರತ್ತೆ. ಅದಕ್ಕೂ ಹೂಳೋ ಮುಂಚೆ ಪಟ್ಟಿಯ ಅಂಚಿಗೆಲ್ಲ ನೈಲ್ ಪಾಲಿಶ್ ಎರಡು ಕೋಟ್ ಬಳಿಸಿ, ಇಲ್ಲಾಂದ್ರೆ ಕೊರೆದ ಅಂಚಿಂದ ಬೋರ್ಡು ನೀರು ಕುಡಿದು ಸುಳ್ಳು ಲೆಕ್ಕ ಕೊಡೋಕೆ ಶುರು ಮಾಡತ್ತೆ. ತೋಟದ ಆ ಕಡೆಯಿಂದ ಪಂಪ್‌ಹೌಸಿಗೆ ಸುದ್ದಿ ಮುಟ್ಟಿಸೋಕೆ ಲೋರಾ ರೇಡಿಯೋ ಮಾಡ್ಯೂಲ್ ಇದೆ, ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸಿಗೆ ಲೈಸೆನ್ಸ್ ಬೇಡ, ಹಾಗಾಗಿ 868ರ ಮಾಡೆಲ್ ತಗೊಂಡು ಪ್ರೋಗ್ರಾಮಲ್ಲಿ 866ಕ್ಕೆ ಇಟ್ಕೊಳ್ಳೋದು. ಅಡಿಕೆ ಸೋಗೆ ನಡುವೆ ಸಿಗ್ನಲ್ ಕುಗ್ಗತ್ತೆ, ಆಂಟೆನಾ ಒಂದು ಗಳಕ್ಕೆ ಕಟ್ಟಿ ಎತ್ತರಕ್ಕೆ ನಿಲ್ಲಿಸಿ.

ಪ್ರಶ್ನೆ: ಮನೆಯವರ ಫೋಟೋ, ವಿಡಿಯೋ ಎಲ್ಲಾ ಮನೇಲೇ ಇಟ್ಕೊಳ್ಳೋಕೆ ಸರ್ವರ್ ಮಾಡ್ಬೇಕು. ಓಡ್ರಾಯ್ಡ್, ರಾಡ್ಸಾ ರಾಕ್ 5ಬಿ ಇವೆರಡ್ರಲ್ಲಿ ಯಾವ್ದು? (ಐಟಿ ಕೆಲಸ, ಬೆಂಗಳೂರು)

ಉತ್ತರ: ಎರಡೂ ಒಳ್ಳೆ ಬೋರ್ಡೇ, ಓಡ್ರಾಯ್ಡ್ ಮಾಡೋ ದಕ್ಷಿಣ ಕೊರಿಯಾದ ಹಾರ್ಡ್‌ಕರ್ನಲ್ ಬಹಳ ವರ್ಷದಿಂದ ಈ ಫೀಲ್ಡಲ್ಲಿದೆ. ಆದ್ರೂ ನಿಮಗೆ ನಾನು ಹೇಳೋದು ಆಫೀಸುಗಳಿಂದ ಹೊರಗೆ ಬಂದಿರೋ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ ಥರದ್ದು. ಹೊಸದೇ ಬೇಕಂದ್ರೆ ಇಂಟೆಲ್ ಎನ್100 ಹಾಕಿರೋದು. ಬೋರ್ಡಿನ ರೇಟ್ ನೋಡಿ ಚೀಪ್ ಅನ್ಸತ್ತೆ, ಅದಕ್ಕೆ ಅಡಾಪ್ಟರು, ಕೇಸು, ಫ್ಯಾನು, ಎಸ್‌ಎಸ್‌ಡಿ ಸೇರಿಸಿ ಕೂಡಿಸಿ ನೋಡಿ. ಮಿನಿ ಪಿಸಿಲಿ ಯಾವ ಡೆಬಿಯನ್ ಹಾಕಿದ್ರೂ ನಡೆಯತ್ತೆ, ರ‍್ಯಾಮ್ ಬದಲಾಯ್ಸಬಹುದು, ಡಿಸ್ಕ್ ಹಚ್ಚೋ ಸಾಟಾ ಪೋರ್ಟ್ ಸಾಮಾನ್ಯವಾಗಿ ಇರತ್ತೆ. ಕರೆಂಟ್ ಬಿಲ್ಲಿನ ಭಯನಾ? ಸುಮ್ನೆ ಕೂತಾಗ 10 ವ್ಯಾಟ್ ಅಂದ್ರೂ ತಿಂಗಳಿಗೆ 7.2 ಯೂನಿಟ್, 4 ವ್ಯಾಟಿನ ಬೋರ್ಡಿಗೆ ಸುಮಾರು 2.9. ನಾಲ್ಕು ಯೂನಿಟ್ ಚಿಲ್ರೆ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೋಬೇಡಿ. ಫೋಟೋದ ಇನ್ನೊಂದು ಕಾಪಿ ಮಾತ್ರ ಊರಲ್ಲೋ ತಮ್ಮನ ಮನೇಲೋ ಬೇರೆ ಡಿಸ್ಕಲ್ಲಿ ಇರ್ಲಿ.

ನೀವು ಮಾಡ್ಬೇಕಾಗಿರೋದು ರೂಟರ್ ಆಗಿದ್ರೆ ಮಾತು ಬೇರೆ. ಅಲ್ಲಿ ಬನಾನಾ ಪೈ ಆರ್3 ಥರದ ಬೋರ್ಡುಗಳು ಓಪನ್‌ಡಬ್ಲ್ಯುಆರ್‌ಟಿ ಅನ್ನೋ ರೂಟರ್ ಓಎಸ್ ಜೊತೆ ಚೆನ್ನಾಗಿ ಹೊಂದ್ಕೊಳ್ತವೆ, ಆ ಪ್ರಾಜೆಕ್ಟಿನೋರು 2024ರಲ್ಲಿ ತಮ್ಮದೇ ರೂಟರನ್ನ ಬನಾನಾ ಪೈ ಕೈಲೇ ಮಾಡ್ಸಿದ್ರು.

ಪ್ರಶ್ನೆ: ಸರಕಾರಿ ಹೈಸ್ಕೂಲ್. ಹಳೇ ವಿದ್ಯಾರ್ಥಿಗಳು ದುಡ್ಡು ಕೊಡ್ತೀವಿ ಅಂದಿದಾರೆ, ಐದು ಕಂಪ್ಯೂಟರ್ ಮಾಡ್ಬೇಕು. ಕನ್ನಡ ಟೈಪಿಂಗ್ ಬೇಕೇ ಬೇಕು. ಕಡಿಮೇಲಿ ಪೈ ಥರದ ಬೋರ್ಡ್ ಯಾವ್ದಾದ್ರೂ? (ಶಿಕ್ಷಕಿ, ಶಿರಸಿ)

ಉತ್ತರ: ಟೀಚರ್, ನಾಲ್ಕು ರಿಫರ್ಬಿಶ್ಡ್ ಡೆಸ್ಕ್‌ಟಾಪ್, ಒಂದು ಪೈ 400 ತಗೊಳಿ. ಪೈ 400 ಅಂದ್ರೆ ಕೀಬೋರ್ಡ್ ಒಳಗೇ ಪೈ 4 ಕೂರಿಸಿರೋದು, ಹಿಂದೆ 40 ಪಿನ್ ಇರತ್ತೆ, ಮಕ್ಕಳು ಎಲ್‌ಇಡಿ, ಸೆನ್ಸರ್ ಹಚ್ಚಿ ಆಡೋಕೆ ಅದೊಂದು ಸಾಕು. ಟೈಪಿಂಗು, ಬ್ರೌಸಿಂಗಿಗೆ ಡೆಸ್ಕ್‌ಟಾಪೇ ವಾಸಿ, ರಿಪೇರಿಗೆ ಶಿರಸಿಲೇ ಜನ ಸಿಗ್ತಾರೆ. ಎರಡಕ್ಕೂ ಡೆಬಿಯನ್ ಮೂಲದ ಲಿನಕ್ಸ್ ಹಾಕಿ. ಕಗಪ ಕೀಲಿಮಣೆ ಅದ್ರಲ್ಲೇ ಇದೆ, ಕೀಬೋರ್ಡ್ ಸೆಟ್ಟಿಂಗಲ್ಲಿ ಕನ್ನಡ ಆರಿಸಿದ್ರೆ ಕಾಣತ್ತೆ. ನೋಟೋ ಫಾಂಟ್ ಜೊತೆ ಗುಬ್ಬಿ, ನವಿಲು ಫಾಂಟುಗಳೂ ಡೆಬಿಯನ್ ಪ್ಯಾಕೇಜಲ್ಲೇ ಸಿಗತ್ತೆ, ಒತ್ತಕ್ಷರ ಚೆನ್ನಾಗಿ ಕೂರತ್ತೆ.

ಪ್ರಶ್ನೆ: ಸರ, ಇಲ್ಲೊಬ್ರು ಹಳೇ ಜೆಟ್ಸನ್ ನ್ಯಾನೊ ಅರ್ಧ ರೇಟಿಗೆ ಕೊಡಾಕತ್ತಾರ. ತಗೊಳ್ಳೂನೋ ಬ್ಯಾಡೋ? (ಹುಬ್ಬಳ್ಳಿ)

ಉತ್ತರ: ಬ್ಯಾಡ್ರಿ. 2019ರಾಗ 99 ಡಾಲರಿಗೆ ಬಂದಾಗ ಎಐ ಕೆಲಸಕ್ಕ ಭಾರಿ ಬೋರ್ಡ್ ಆಗಿತ್ತು ಖರೆ, ಆದ್ರ ಎನ್‌ವಿಡಿಯಾ ಅದನ್ನ ಉಬುಂಟು 18.04ಕ್ಕೇ ನಿಲ್ಲಿಸಿಬಿಟ್ಟಾರ. ಇವತ್ತಿನ ಎಐ ಲೈಬ್ರರಿ ಅದರ ಮ್ಯಾಲೆ ಕೂಡಿಸೂದ್ರಾಗ ನಿಮ್ಮ ರಜಾ ಎಲ್ಲಾ ಮುಗೀತದ.

ಪ್ರಶ್ನೆ: ಕಾಲೇಜ್ ಲ್ಯಾಬಲ್ಲಿ ಬೀಗಲ್‌ಬೋನ್ ಬ್ಲ್ಯಾಕ್ ಧೂಳು ತಿನ್ತಾ ಬಿದ್ದಿದೆ. ಏನಕ್ಕಾದ್ರೂ ಬರತ್ತಾ? (ಡಿಪ್ಲೊಮಾ, ತುಮಕೂರು)

ಉತ್ತರ: ಬರತ್ತೆ ಮಾರಾಯಾ, ಮೊದ್ಲು ಲ್ಯಾಬ್ ಇನ್‌ಚಾರ್ಜ್ ಹತ್ರ ಕೇಳಿ ತಗೋ. 2013ರ ಬೋರ್ಡು, ಒಂದೇ ಕೋರು, 512 ಎಂಬಿ, ಬ್ರೌಸರ್ ತೆಗೆದ್ರೆ ಅಳತ್ತೆ. ಆದ್ರೆ ಅದರ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಒಳಗೆ ಪಿಆರ್‌ಯು ಅಂತ 200 ಮೆಗಾಹರ್ಟ್ಸಿನ ಎರಡು ಪುಟ್ಟ ಪ್ರೊಸೆಸರ್ ಬೇರೆ ಇವೆ, ಲಿನಕ್ಸಿನ ಗೊಡವೆ ಇಲ್ದೆ ಪಿನ್ನುಗಳನ್ನ ಲೆಕ್ಕದ ಪ್ರಕಾರ ಕುಣಿಸ್ತವೆ, ಸ್ಟೆಪ್ಪರ್ ಮೋಟ್ರು, ಸಿಎನ್‌ಸಿ ಮಾಡೋರಿಗೆ ಅದು ಬಂಗಾರ. ಏಳು ಅನಲಾಗ್ ಇನ್‌ಪುಟ್ಟೂ ಇದೆ, ಪೈಲಿ ಒಂದೂ ಇಲ್ಲ. ಅವಕ್ಕೆ 1.8 ವೋಲ್ಟ್ ಮೇಲೆ ಮಾತ್ರ ಕೊಡಬೇಡ, ಚಿಪ್ಪೇ ಹೋಗತ್ತೆ.

ಪ್ರಶ್ನೆ: ನಮ್ಮ ದೇಶದ್ದೇ ಬೋರ್ಡ್ ಇಲ್ವಾ? (ಮೈಸೂರು)

ಉತ್ತರ: ನಮ್ಮದೇ ಪ್ರೊಸೆಸರ್ ಇದ್ದು ಪೈ ಥರ ಡೆಸ್ಕ್‌ಟಾಪ್ ಓಡ್ಸೋ ಬೋರ್ಡ್ ನನಗೆ ಗೊತ್ತಿರೋ ಹಾಗೆ ಸುಲಭಕ್ಕೆ ಸಿಗಲ್ಲ. ಆದ್ರೆ ಕೇಂದ್ರ ಸರಕಾರದ ಸಂಸ್ಥೆ ಸಿಡ್ಯಾಕ್‌ನೋರು ರಿಸ್ಕ್-5 ಅನ್ನೋ ಓಪನ್ ಪ್ರೊಸೆಸರ್ ವಿನ್ಯಾಸದ ಮೇಲೆ ಮಾಡಿರೋ ವೇಗಾ ಪ್ರೊಸೆಸರ್ ಇದೆ, ಅದರ 100 ಮೆಗಾಹರ್ಟ್ಸಿನ ತೇಜಸ್32 ಚಿಪ್ ಹಾಕಿರೋ ಏರೀಸ್ ಬೋರ್ಡುಗಳು ಆರ್ಡುಯಿನೋ ಅನ್ನೋ ಮೈಕ್ರೋಕಂಟ್ರೋಲರ್ ಬೋರ್ಡ್ ಥರ ಕೆಲಸಕ್ಕೆ ಬರ್ತವೆ. ಕಾಲೇಜ್ ಪ್ರಾಜೆಕ್ಟಿಗೆ ಧಾರಾಳವಾಗಿ ತಗೊಳಿ, ಗೈಡಿಗೂ ಖುಷಿ ಆಗತ್ತೆ.

ಪ್ರಶ್ನೆ: ಅಣ್ಣ ಅಮೆರಿಕದಿಂದ ಬರ್ತಿದಾನೆ, ಪೈ ತರಿಸ್ಲಾ? (ಉಡುಪಿ)

ಉತ್ತರ: ಪೈ ಇಲ್ಲೇ ಅಧಿಕೃತ ಡೀಲರ್ ಹತ್ರ ಸಿಗತ್ತೆ, ಕೆಟ್ರೆ ವಾಪಸ್ ಕೊಡೋಕೂ ಸುಲಭ. ತರಿಸೋದೇ ಆದ್ರೆ ಇಲ್ಲಿ ಅಪರೂಪ ಆಗಿರೋ ಲಿಬ್ರೆ ಕಂಪ್ಯೂಟರಿನ ಲೆ ಪೊಟಾಟೊ ತರಿಸಿ. ಪೈ 3ರ ಅಳತೆ, ಸಾಫ್ಟ್‌ವೇರ್ ಸಪೋರ್ಟ್ ಚೆನ್ನಾಗಿದೆ, ವೈಫೈ ಮಾತ್ರ ಇಲ್ಲ. ಆ್ಯಡ್‌ಬ್ಲಾಕರ್ ಥರ ಕೇಬಲ್ ಹಾಕಿ ಮೂಲೇಲಿ ಇಡೋ ಕೆಲಸಕ್ಕೆ ಸಾಕು. ಅಡಾಪ್ಟರ್ ಇಲ್ಲೇ ತಗೊಳಿ, ಅಲ್ಲಿಂದ ತಂದ್ರೆ ಚಪ್ಪಟೆ ಪಿನ್ನು, ನಮ್ಮ ಸಾಕೆಟ್ಟಿಗೆ ಸಡಿಲ.